ಸಬ್ಬತ್ತಿನ ದೀಪ ಮತ್ತು ನಮ್ಮ ಭಾನುವಾರ

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳ ಚರಿತ್ರೆ ಅವುಗಳ ಹೆಸರಿನಲ್ಲಿಯೇ ಅಡಗಿದೆ. ಪೂರ್ವ ಪಾಕಿಸ್ತಾನವನ್ನು ತೊರೆದು ಬಂದ ಬಂಗಾಳಿ ನಿರಾಶ್ರಿತರಿಗೆ 1970ರ ದಶಕದಲ್ಲಿ ನೆಲೆ ಒದಗಿಸಿದ ಪುನರ್ವಸತಿ ಶಿಬಿರಗಳಿವು. ಅರ್ಧ ಶತಮಾನ ಕಳೆದರೂ ಇಲ್ಲಿಯ ಮನೆಗಳಲ್ಲಿ ಬಂಗಾಳಿ ಮಾತು, ಮೀನು-ಅನ್ನದ ಊಟ, ಶರತ್ಕಾಲದ ದುರ್ಗಾಪೂಜೆ ಉಳಿದುಬಂದಿವೆ. ಹುಟ್ಟಿದ ನೆಲವನ್ನು ಕಳೆದುಕೊಂಡವರನ್ನು ಒಂದು ಜನಾಂಗವಾಗಿ ಹಿಡಿದಿಡುವುದು ಇಂತಹ ದಿನನಿತ್ಯದ ಆಚರಣೆಗಳೇ. ಇದನ್ನು ಕಣ್ಣಾರೆ ಕಂಡ ನಮ್ಮ ಸೀಮೆಯವರಿಗೆ ಯೆಹೂದ್ಯರ ಬಾಳನ್ನು ಅರ್ಥಮಾಡಿಕೊಳ್ಳುವುದು ಕಷ್ಟವಾಗಲಾರದು.

ಕ್ರಿ.ಶ. 70ರಲ್ಲಿ ಜೆರುಸಲೇಮಿನ ದೇವಾಲಯ ನಾಶವಾಯಿತು. ಜಗತ್ತಿನಾದ್ಯಂತ ಚದುರಿದ ಆ ಜನರನ್ನು ಒಂದುಗೂಡಿಸಿ ಉಳಿಸಿದ್ದು ತೋರಾ, ಅಂದರೆ ಮೋಶೆಯ ಐದು ಗ್ರಂಥಗಳು ವಿಧಿಸಿದ ಧರ್ಮಶಾಸ್ತ್ರ. ಯೇಸುವೇ ತಾವು ನಿರೀಕ್ಷಿಸಿದ್ದ ಅಭಿಷಿಕ್ತ ಉದ್ಧಾರಕ ಎಂದು ನಂಬಿದ ಮೇಲೂ ಈ ಧರ್ಮಶಾಸ್ತ್ರವನ್ನು ಬಿಡದವರು ಅವರಲ್ಲಿದ್ದಾರೆ. ಅವರನ್ನು ಮೆಸ್ಸಿಯಾನಿಕ್ ವಿಶ್ವಾಸಿಗಳು ಎನ್ನುತ್ತಾರೆ. 1880ರ ದಶಕದಲ್ಲಿ ಕಿಷಿನೇವ್ ನಗರದಲ್ಲಿ ಯೋಸೆಫ್ ರಬಿನೋವಿಚ್ ಇಂತಹ ಒಂದು ಸಭೆಯನ್ನು ಕಟ್ಟಿದರು. ಇಂದು ಇಸ್ರೇಲ್ ಮತ್ತು ಅಮೆರಿಕಗಳಲ್ಲಿ ಇವರ ಸಭೆಗಳು ಹೆಚ್ಚಾಗಿವೆ.

ಇವರೆಲ್ಲರ ಆಚರಣೆ ಒಂದೇ ಪ್ರಮಾಣದ್ದಲ್ಲ. ಕಟ್ಟುನಿಟ್ಟಾಗಿ ಪಾಲಿಸುವವರ ಮನೆಗಳಲ್ಲಿ ಶುಕ್ರವಾರ ಸೂರ್ಯಾಸ್ತಕ್ಕೆ ಮುನ್ನ ಗೃಹಿಣಿ ದೀಪ ಹಚ್ಚುತ್ತಾಳೆ. ದ್ರಾಕ್ಷಾರಸ ಹಾಗೂ ರೊಟ್ಟಿಯ ಮೇಲೆ ಸ್ತುತಿ ಹೇಳಿ ಊಟಕ್ಕೆ ಕೂರುತ್ತಾರೆ. ಶನಿವಾರ ಸಂಜೆ ನಕ್ಷತ್ರಗಳು ಕಾಣುವವರೆಗೆ ದುಡಿಮೆಯಿಲ್ಲ. ಯಾಜಕಕಾಂಡ ನಿಷೇಧಿಸಿದ ಹಂದಿಮಾಂಸ, ಸಿಗಡಿ, ಏಡಿಗಳನ್ನು ತಿನ್ನುವುದಿಲ್ಲ. ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ, ಪಾಸ್ಕ ಹಬ್ಬದಲ್ಲಿ ಹುಳಿಯಿಲ್ಲದ ರೊಟ್ಟಿ. ಈ ಎಲ್ಲದರ ನಡುವೆ ಅವರು ಪ್ರಾರ್ಥಿಸುವುದು ಯೇಶುವಾ ಎಂಬ ನಾಮದಲ್ಲಿ. ಅದು ಯೇಸುಸ್ವಾಮಿಯ ಹೀಬ್ರೂ ಹೆಸರು.

ಇದು ಹೊಸ ಪ್ರಶ್ನೆಯೇನೂ ಅಲ್ಲ. ಯೇಸುಸ್ವಾಮಿ, ಮಾತೆ ಮರಿಯಮ್ಮ, ಹನ್ನೆರಡು ಮಂದಿ ಪ್ರೇಷಿತರು ಎಲ್ಲರೂ ಧರ್ಮಶಾಸ್ತ್ರವನ್ನು ಪಾಲಿಸಿದ ಯೆಹೂದ್ಯರೇ. ಅನ್ಯಜನರು ವಿಶ್ವಾಸಕ್ಕೆ ಬಂದಾಗ ಅವರಿಗೂ ಸುನ್ನತಿ ಬೇಕೇ ಎಂಬ ವಿವಾದ ಎದ್ದಿತು. ಜೆರುಸಲೇಮಿನಲ್ಲಿ ಸಭೆ ಸೇರಿದ ಪ್ರೇಷಿತರು ಆ ಹೊರೆಯನ್ನು ಅವರ ಮೇಲೆ ಹೊರಿಸಬಾರದೆಂದು ತೀರ್ಮಾನಿಸಿದರು. ಆದರೆ ಯೆಹೂದ್ಯ ವಿಶ್ವಾಸಿಗಳು ತಮ್ಮ ಆಚರಣೆಯನ್ನು ಬಿಡಬೇಕೆಂದು ಆ ಸಭೆ ಹೇಳಲಿಲ್ಲ. ಅದೇ ತೀರ್ಮಾನವನ್ನು ಸಾರಲು ಹೊರಟ ಸಂತ ಪೌಲರು ಯೆಹೂದ್ಯ ತಾಯಿಯ ಮಗನಾದ ತಿಮೊಥೇಯನಿಗೆ ಸುನ್ನತಿ ಮಾಡಿಸಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿಯೇ ಓದುತ್ತೇವೆ.

ಮುಂದಿನ ಶತಮಾನಗಳಲ್ಲಿ ಈ ಸಮತೋಲನ ತಪ್ಪಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ, ಸುನ್ನತಿ ಮತ್ತು ಸಬ್ಬತ್ತನ್ನು ಪಾಲಿಸುವ ಕ್ರೈಸ್ತರಿಗೆ ರಕ್ಷಣೆಯಿಲ್ಲ ಎಂದು ಸಾರಿತು. ಅದರ ಬಿಸಿ ನಮ್ಮ ನೆರೆಯ ಗೋವೆಗೂ ತಟ್ಟಿತು. ಬಲವಂತದಿಂದ ಕ್ರೈಸ್ತರಾಗಿ, ಗುಟ್ಟಾಗಿ ಯೆಹೂದ್ಯ ಪದ್ಧತಿಗಳನ್ನು ಉಳಿಸಿಕೊಂಡಿದ್ದ ಮನೆತನಗಳನ್ನು 1560ರಲ್ಲಿ ಅಲ್ಲಿ ಆರಂಭವಾದ ಧಾರ್ಮಿಕ ವಿಚಾರಣಾ ನ್ಯಾಯಾಲಯ ಬೇಟೆಯಾಡಿತು. ಭಾರತದ ಗಿಡಮೂಲಿಕೆಗಳ ಕುರಿತು 1563ರಲ್ಲಿ ಗೋವೆಯಲ್ಲಿ ಗ್ರಂಥ ಮುದ್ರಿಸಿದ ವೈದ್ಯ ಗಾರ್ಸಿಯಾ ದ ಓರ್ತಾ 1568ರಲ್ಲಿ ತೀರಿಕೊಂಡರು. ಮರುವರ್ಷ ಅವರ ತಂಗಿ ಕತರೀನಾಳನ್ನು ಜೀವಂತ ಸುಡಲಾಯಿತು. 1580ರಲ್ಲಿ ವೈದ್ಯರ ಅಸ್ಥಿಗಳನ್ನೂ ಗೋರಿಯಿಂದ ತೆಗೆದು ಸುಟ್ಟರು. ಅದೇ 16ನೆಯ ಶತಮಾನದಲ್ಲಿ ಗೋವೆಯಿಂದ ಬಂದ ಗುರುಗಳೇ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಶುಭಸಂದೇಶವನ್ನು ತಂದರೆಂಬುದು ನಮ್ಮ ಪರಂಪರೆ. ನಮಗೆ ವಿಶ್ವಾಸ ಬಂದ ದಾರಿಯಲ್ಲಿಯೇ ಆ ಬೂದಿಯೂ ಇದೆಯೆಂಬುದನ್ನು ಮರೆಯಲಾಗದು.

ಧರ್ಮಸಭೆ ಇದನ್ನು ಮರೆತಿಲ್ಲ. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಯೆಹೂದ್ಯರೊಂದಿಗಿನ ನಮ್ಮ ಬಾಂಧವ್ಯವನ್ನು ಘೋಷಿಸಿತು. 2000ದ ಮಾರ್ಚ್ 12ರಂದು ಎರಡನೆಯ ಜಾನ್ ಪಾಲ್ ಪೋಪ್‌ರವರು ಇಸ್ರಯೇಲ್ ಜನರ ವಿರುದ್ಧ ಎಸಗಿದ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಬೇಡಿದರು. ದೇವರು ಆ ಜನರಿಗೆ ನೀಡಿದ ಕರೆ ರದ್ದಾಗಿಲ್ಲವೆಂದು 2015ರಲ್ಲಿ ವ್ಯಾಟಿಕನ್ ಮತ್ತೆ ಸ್ಪಷ್ಟಪಡಿಸಿತು.

ಆದರೂ ಇಂತಹವರ ಬಾಳು ಎರಡು ಬಾಗಿಲುಗಳ ನಡುವೆಯೇ ಉಳಿದಿದೆ. ಪೋಲೆಂಡಿನ ಯೆಹೂದ್ಯ ಓಸ್ವಾಲ್ಡ್ ರುಫೈಸೆನ್ ನಾಜಿಗಳಿಂದ ನೂರಾರು ಯೆಹೂದ್ಯರ ಪ್ರಾಣ ಉಳಿಸಿದವರು. ಬಳಿಕ ಕ್ರೈಸ್ತರಾಗಿ, ಡೇನಿಯಲ್ ಎಂಬ ಹೆಸರಿನಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿಯಾದರು. ಯೆಹೂದ್ಯನೆಂಬ ಹಕ್ಕಿನಿಂದ ಪೌರತ್ವ ಬೇಡಿದ ಅವರ ಅರ್ಜಿಯನ್ನು ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ತಿರಸ್ಕರಿಸಿತು. ಮುಂದೆ ಬೇರೆ ದಾರಿಯಿಂದ ಪೌರರಾಗಿ, ಹೈಫಾದಲ್ಲಿ ಹೀಬ್ರೂ ಭಾಷೆಯ ಕಥೋಲಿಕ ಸಮುದಾಯವನ್ನು ಬೆಳೆಸಿ 1998ರಲ್ಲಿ ಅಸುನೀಗಿದರು.

ಯೆಹೂದ್ಯ ಆಚರಣೆಗಳನ್ನು ನಾವು ಅನುಕರಿಸಬೇಕಾಗಿಲ್ಲ. ಪ್ರೇಷಿತರು ಬಿಡುಗಡೆ ಮಾಡಿದ ಹೊರೆಯನ್ನು ರಕ್ಷಣೆಗೆ ಅವಶ್ಯವೆಂದು ಹೊತ್ತುಕೊಳ್ಳುವುದೂ ಸಲ್ಲದು. ಹಾಗೆಂದು ಅವರನ್ನು ಹಳೆಯ ಕಟ್ಟಳೆಗೆ ಅಂಟಿಕೊಂಡವರೆಂದು ಹಳಿಯುವ ಅಧಿಕಾರ ನಮಗಿಲ್ಲ. ಅವರಿಂದ ನಾವು ಕಲಿಯಬೇಕಾದುದು ಒಂದಿದೆ: ವಿಶ್ವಾಸ ಅಡುಗೆಮನೆಗೂ ಹೊಲಕ್ಕೂ ಇಳಿದು ಬರಬೇಕು. ವಿಮೋಚನಾಕಾಂಡದ ಸಬ್ಬತ್ ಆಜ್ಞೆ ಯಜಮಾನನಿಗಷ್ಟೇ ಅಲ್ಲ, ಆಳಿಗೂ ದನಕ್ಕೂ ಬಿಡುವು ಕೊಡುತ್ತದೆ. ಸೋಮವಾರ ಬಸವಣ್ಣನ ದಿನವೆಂದು ಎತ್ತಿಗೆ ನೊಗ ಹೂಡದ ನಮ್ಮ ರೈತರಿಗೆ ಈ ಕರುಣೆ ಹೊಸದಲ್ಲ. ಬಲಿಪೂಜೆ ಮುಗಿಸಿ ಬಂದ ನಾವು ಅದೇ ಭಾನುವಾರ ಮನೆಗೆಲಸದಾಕೆಯನ್ನೂ ನಾಟಿಯ ಕೂಲಿಯವರನ್ನೂ ಬಿಡುವಿಲ್ಲದೆ ದುಡಿಸುತ್ತಿದ್ದರೆ, ಪ್ರಭುವಿನ ದಿನವನ್ನು ಅರ್ಧ ಮಾತ್ರ ಆಚರಿಸಿದಂತೆ. ಬರುವ ಭಾನುವಾರ ಅವರಿಗೂ ವಿಶ್ರಾಂತಿ ದೊರೆಯಲಿ.