ಗೋಣಿಕೊಪ್ಪಲಿನ ಸಂತೆ, ಹಳೆ ಗೆಳೆಯರ ಊಟ

ಭಾನುವಾರ ದಕ್ಷಿಣ ಕೊಡಗಿನ ಗೋಣಿಕೊಪ್ಪಲಿನಲ್ಲಿ ಸಂತೆ. ಕುಟ್ಟ, ಬಾಳೆಲೆ, ತಿತಿಮತಿ, ಹುದಿಕೇರಿ, ಅಮ್ಮತ್ತಿ ಕಡೆಯ ಬಸ್ಸುಗಳು ತುಂಬಿ ಬರುತ್ತವೆ. ವಾರದ ತರಕಾರಿ, ಒಣಮೀನು ಕೊಂಡು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ, ಹೋಟೆಲುಗಳಲ್ಲಿ ಜಾಗ ಸಿಗುವುದು ಕಷ್ಟ. ಸಂತೆಚೀಲವನ್ನು ಮೇಜಿನ ಕಾಲಿಗೆ ಒರಗಿಸಿ ಕೂತವರಲ್ಲಿ ಕಾಲೇಜಿನ ಹಳೆ ಸಹಪಾಠಿಗಳೂ ಇರುತ್ತಾರೆ. ಒಬ್ಬರು ತೋಟ ನೋಡಿಕೊಳ್ಳುವವರು, ಇನ್ನೊಬ್ಬರು ಸೇನೆಯಿಂದ ನಿವೃತ್ತರಾದವರು, ಮತ್ತೊಬ್ಬರು ಬೆಂಗಳೂರಿನಿಂದ ರಜೆಗೆ ಬಂದವರು. ಮಾತು ಶುರುವಾದರೆ ಕೈತೊಳೆಯುವುದನ್ನೂ ಮರೆಯುವಷ್ಟು ಸಲಿಗೆ.

ಇಂಥ ಸ್ನೇಹಗಳಿಗೆ ಈ ಊರಿನಲ್ಲಿ ಒಂದು ಚರಿತ್ರೆಯಿದೆ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದದ್ದು 1949ರಲ್ಲಿ. ಆಗ ದಕ್ಷಿಣ ಕೊಡಗಿನ ಮಕ್ಕಳು ಪದವಿ ಓದಬೇಕೆಂದರೆ ಮಡಿಕೇರಿಗೋ ಮೈಸೂರಿಗೋ ಹೋಗಿ ನಿಲ್ಲಬೇಕಿತ್ತು. 1968ರಲ್ಲಿ ಗೋಣಿಕೊಪ್ಪಲಿನಲ್ಲೇ ಕಾವೇರಿ ಕಾಲೇಜು ಬಂತು, ಮನೆಯಿಂದಲೇ ಬಸ್ಸು ಹತ್ತಿ ಬಂದು ಓದುವುದು ಸಾಧ್ಯವಾಯಿತು. ಮುಂದೆ ಪಕ್ಕದ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು, ಎಂಜಿನಿಯರಿಂಗ್ ಕಾಲೇಜುಗಳೂ ತೆರೆದವು. 1980ರಲ್ಲಿ ಹುಟ್ಟಿದ ಮಂಗಳೂರು ವಿಶ್ವವಿದ್ಯಾಲಯದ ಅಡಿಗೆ ಇಲ್ಲಿನ ಕಾಲೇಜುಗಳು ಬಂದವು, 2023ರಲ್ಲಿ ಕೊಡಗಿಗೇ ಒಂದು ವಿಶ್ವವಿದ್ಯಾಲಯ ಬಂತು. ಹಳೆ ವಿದ್ಯಾರ್ಥಿಗಳ ಪದವಿಪತ್ರದ ಮೇಲಿನ ಮೊಹರು ತಲೆಮಾರಿನಿಂದ ತಲೆಮಾರಿಗೆ ಬದಲಾಗಿದೆ. ಬಸ್ಸಿನ ದಾರಿ ಮಾತ್ರ ಅದೇ.

ಆ ಬಸ್ಸಿನಲ್ಲೇ ಅರ್ಧ ಸ್ನೇಹ ಬೆಳೆಯುತ್ತಿತ್ತು. ಒಬ್ಬರು ಎರಡು ಸ್ಟಾಪ್ ಮುಂಚೆ ಹತ್ತಿ ಇನ್ನೊಬ್ಬರಿಗೆ ಸೀಟು ಹಿಡಿಯುವುದು, ನಿಂತವರ ಪುಸ್ತಕವನ್ನು ಕೂತವರು ತೊಡೆಯ ಮೇಲಿಟ್ಟುಕೊಳ್ಳುವುದು ದಿನನಿತ್ಯದ ಮಾತು. ಉಳಿದರ್ಧ ಬೆಳೆಯುತ್ತಿದ್ದದ್ದು ಬುತ್ತಿಯ ಡಬ್ಬಿ ತೆರೆದಾಗ. ಕೊಡವ ಮನೆಯ ಅಕ್ಕಿ ಒಟ್ಟಿ, ಮಲಯಾಳಿ ಮನೆಯ ಪುಟ್ಟು ಕಡಲೆ, ಅರೆಭಾಷೆ ಗೌಡರ ಮನೆಯ ಪಲ್ಯ, ಇನ್ನೊಬ್ಬರ ಮನೆಯ ಚಿತ್ರಾನ್ನ ಒಂದೇ ಬೆಂಚಿನ ಮೇಲೆ ಕೈ ಬದಲಾಗುತ್ತಿದ್ದವು. ಕನ್ನಡ, ಕೊಡವ ತಕ್ಕ್, ಮಲಯಾಳ, ತುಳು ಎಲ್ಲ ಕೇಳಿಬರುವ ಈ ಪೇಟೆಯಲ್ಲಿ ಪಕ್ಕದ ಮನೆಯ ರುಚಿಯನ್ನು ಎಷ್ಟೋ ಮಕ್ಕಳು ಮೊದಲು ಕಂಡದ್ದು ಗೆಳೆಯರ ಡಬ್ಬಿಯಲ್ಲಿ.

ಸ್ನೇಹಕ್ಕೆ ಎಷ್ಟು ಹೊತ್ತು ಬೇಕು? ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಪರಿಚಯದವರು ಸಾಧಾರಣ ಸ್ನೇಹಿತರಾಗಲು ಸುಮಾರು 50 ಗಂಟೆ ಜೊತೆಗಿರಬೇಕು. ಸ್ನೇಹಿತರೆನಿಸಿಕೊಳ್ಳಲು 90 ಗಂಟೆ, ಆಪ್ತರಾಗಲು 200 ಗಂಟೆಗೂ ಹೆಚ್ಚು. ಇದನ್ನು ಗೋಣಿಕೊಪ್ಪಲಿನ ಬಸ್ಸಿಗೆ ಅನ್ವಯಿಸಿ ನೋಡಬಹುದು. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ, ಬುತ್ತಿಗೆ ಇನ್ನರ್ಧ. ದಿನಕ್ಕೆ ಒಂದೂವರೆ ಗಂಟೆಯಂತೆ 134 ದಿನಕ್ಕೆ 200 ಗಂಟೆ ದಾಟುತ್ತದೆ. ಮೊದಲ ವರ್ಷದ ಪರೀಕ್ಷೆ ಬರುವ ಹೊತ್ತಿಗೆ ಆಪ್ತರು ಸಿಕ್ಕಿರುತ್ತಾರೆ, ಅದೂ ಯಾರೂ ಪ್ರಯತ್ನಪಡದೆ.

ಕಷ್ಟ ಶುರುವಾಗುವುದು ಓದು ಮುಗಿದ ಮೇಲೆ. ನಲವತ್ತರ ವಯಸ್ಸಿನಲ್ಲಿ ಹೊಸಬರೊಬ್ಬರ ಜೊತೆ ಆ 200 ಗಂಟೆಯನ್ನು ಎಲ್ಲಿಂದ ತರುವುದು? ಕಾಲೇಜಿನ ಸ್ನೇಹ ಅಷ್ಟು ಬೆಲೆಬಾಳುವುದು ಇದಕ್ಕೇ. ಆದರೆ ಅದನ್ನು ಉಳಿಸಿಕೊಳ್ಳುವ ಕೆಲಸವೂ ಇದೆ. ಆಕ್ಸ್‌ಫರ್ಡ್‌ನ ರಾಬಿನ್ ಡನ್ಬರ್ ಮತ್ತು ಸ್ಯಾಮ್ ರಾಬರ್ಟ್ಸ್ ಬ್ರಿಟನ್ನಿನಲ್ಲಿ ಶಾಲೆ ಮುಗಿಸಿ ಬೇರೆ ದಾರಿ ಹಿಡಿದ 30 ವಿದ್ಯಾರ್ಥಿಗಳನ್ನು ಹದಿನೆಂಟು ತಿಂಗಳು ಗಮನಿಸಿದರು. ಸಂಪರ್ಕ ಕಡಿಮೆಯಾದ ಸ್ನೇಹ ತಣ್ಣಗಾಗುತ್ತಿತ್ತು, ಬಂಧುಗಳ ನಂಟು ಅಷ್ಟು ಬೇಗ ಸಡಿಲವಾಗಲಿಲ್ಲ. ಹುಡುಗಿಯರ ಸ್ನೇಹವನ್ನು ಮಾತುಕತೆ ಹಿಡಿದಿಟ್ಟಿತು. ಹುಡುಗರಿಗೆ ಮಾತೊಂದೇ ಸಾಲಲಿಲ್ಲ, ಜೊತೆಗೂಡಿ ಏನಾದರೂ ಮಾಡಬೇಕಿತ್ತು.

ಕೂಡಿ ಉಣ್ಣುವುದರಲ್ಲಿ ಈ ಎರಡೂ ಇವೆ, ಮಾತೂ ಇದೆ, ಜೊತೆಗೂಡಿ ಮಾಡುವ ಕೆಲಸವೂ ಇದೆ. ಡನ್ಬರ್ 2017ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಇತರರೊಂದಿಗೆ ಹೆಚ್ಚು ಸಲ ಊಟಮಾಡುವವರು ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು, ಕಷ್ಟಕ್ಕೆ ಆಗುವ ಗೆಳೆಯರೂ ಅವರಿಗೆ ಹೆಚ್ಚಿದ್ದರು. ರಾತ್ರಿಯೂಟ ಮಧ್ಯಾಹ್ನದ ಊಟಕ್ಕಿಂತ ಜನರನ್ನು ಹೆಚ್ಚು ಹತ್ತಿರ ತರುತ್ತಿತ್ತು. ಒಂಟಿ ಊಟದ ಚಿತ್ರ ಬೇರೆಯೇ ಇದೆ. 2025ರ ವಿಶ್ವ ಸಂತೋಷ ವರದಿಯ ಪ್ರಕಾರ, 2023ರಲ್ಲಿ ಅಮೆರಿಕನ್ನರಲ್ಲಿ ಸುಮಾರು ನಾಲ್ವರಿಗೊಬ್ಬರು ಹಿಂದಿನ ದಿನದ ಅಷ್ಟೂ ಊಟವನ್ನು ಒಬ್ಬರೇ ಮಾಡಿದ್ದರು.

ಕೊಡಗಿನ ಅಡುಗೆಯೇ ನಾಲ್ಕು ಜನರಿಗಾಗಿ ಹುಟ್ಟಿದಂತಿದೆ. ಕಡಂಬುಟ್ಟಿಗೆ ಅಕ್ಕಿತರಿ ಬೇಯಿಸಿ, ಬಿಸಿಯಿರುವಾಗಲೇ ಉಂಡೆ ಕಟ್ಟಿ, ಹಬೆಯಲ್ಲಿಡಬೇಕು. ಇಬ್ಬರು ಮೂವರು ಕೂತು ಉಂಡೆ ಕಟ್ಟಿದರೇ ಕೆಲಸ ಸಾಗುವುದು. ಹಂದಿಮಾಂಸದ ಪಂದಿ ಕರಿಗೆ ಹುರಿದ ಮಸಾಲೆ ಹಾಕಿ, ನಿಧಾನ ಉರಿಯಲ್ಲಿ ಬೇಯಿಸಿ, ಕೊನೆಗೆ ಕಾಚಂಪುಳಿ ಸೇರಿಸುತ್ತಾರೆ. ಪುಳಿಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಇಳಿಸಿದ ಈ ಹುಳಿ ಬಾಟಲಿಯಲ್ಲಿ ವರ್ಷಗಟ್ಟಲೆ ಕೆಡುವುದಿಲ್ಲ. ಹೊರಗಿನಿಂದ ಬಂದ ಗೆಳೆಯರು ಮರಳುವಾಗ ಚೀಲದಲ್ಲಿ ಕಾಫಿಪುಡಿಯ ಪಕ್ಕ ಒಂದು ಕಾಚಂಪುಳಿ ಬಾಟಲಿ ಇರುವುದು ಸಾಮಾನ್ಯ.

ಯಾವಾಗ ಸೇರುವುದು ಎಂಬುದನ್ನು ಇಲ್ಲಿ ಕಾಫಿ ತೀರ್ಮಾನಿಸುತ್ತದೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು, ತೋಟದವರು ಅಲುಗಾಡುವ ಹಾಗಿಲ್ಲ. ಜೂನಿನಿಂದ ಆಗಸ್ಟ್‌ವರೆಗೆ ಮಳೆ, ದೂರದವರು ಬರಲು ಹಿಂಜರಿಯುತ್ತಾರೆ. ಉಳಿದದ್ದು ಬೇಸಿಗೆ ಮತ್ತು ಹಬ್ಬಗಳು. ಏಪ್ರಿಲ್, ಮೇ ಮದುವೆಯ ಕಾಲ. ಕೊಡವ ಸಮಾಜದ ಮದುವೆ ಊಟದ ಸಾಲಿನಲ್ಲಿ ಹಳೆ ತರಗತಿ ಅರ್ಧಕ್ಕರ್ಧ ಸೇರಿಬಿಡುತ್ತದೆ. ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬಕ್ಕೆ ಕಡಂಬುಟ್ಟು ಮತ್ತು ಪಂದಿ ಕರಿ, ಭತ್ತದ ಹೊಸ ತೆನೆ ಮನೆಗೆ ಬರುವ ಹುತ್ತರಿಗೆ ತಂಬಿಟ್ಟು. ನಡುವೆ ಗೋಣಿಕೊಪ್ಪಲಿನ ದಸರಾ. ಮಂಟಪಗಳ ಮೆರವಣಿಗೆ ನೋಡಲು ಬಂದವರು ನಡುರಾತ್ರಿಯ ಬಿಸಿ ಕಾಫಿಗೆ ಒಂದೇ ಅಂಗಡಿಯ ಮುಂದೆ ಸೇರುವುದೂ ಉಂಟು.

ಈ ಕೂಟಗಳಲ್ಲಿ ಕಡಿಮೆ ಕಾಣುವವರು ಹೆಂಗಸರು. ಮದುವೆಯ ನಂತರ ಅವರ ಊರು ಬದಲಾಗುತ್ತದೆ, ಕೊಡವರಲ್ಲಿ ಹೆಸರಿಗೆ ಮೊದಲು ಬರುವ ಒಕ್ಕದ (ಮನೆತನದ) ಹೆಸರೂ ಬದಲಾಗುತ್ತದೆ. ಹಬ್ಬದ ದಿನ ಅಡುಗೆಮನೆ ಬಿಟ್ಟು ಏಳುವುದು ಅವರಿಗೇ ಕಷ್ಟ. ಹಬ್ಬ ಮುಗಿದ ಮಾರನೆಯ ದಿನ, ಮಧ್ಯಾಹ್ನದ ಹೊತ್ತು, ಬಸ್ ನಿಲ್ದಾಣಕ್ಕೆ ಹತ್ತಿರದ ಹೋಟೆಲಿನಲ್ಲಿ ಊಟ ಇಟ್ಟುಕೊಂಡರೆ ಅವರು ಬರಲು ಅನುಕೂಲ. ಮಕ್ಕಳನ್ನು, ಗಂಡನನ್ನು, ಅತ್ತೆಯನ್ನು ಕರೆತಂದರೂ ಸಂತೋಷವೇ. ಅಮ್ಮನ ಕಾಲೇಜಿನ ತುಂಟಾಟ ಕೇಳುವ ಅವಕಾಶ ಮಕ್ಕಳಿಗೆ ಬೇರೆಲ್ಲೂ ಸಿಗದು.

ಹಣದ ಮಾತನ್ನೂ ಮುಚ್ಚಿಡಬಾರದು. ಒಂದೇ ಬೆಂಚಿನಲ್ಲಿ ಕೂತವರ ಗಳಿಕೆ ಇಪ್ಪತ್ತು ವರ್ಷದಲ್ಲಿ ಒಂದೇ ಸಮ ಇರುವುದಿಲ್ಲ. ರೆಸಾರ್ಟಿನ ಊಟವೆಂದರೆ ಸುಮ್ಮನೆ ಗುಂಪಿನಿಂದ ಹಿಂದೆ ಸರಿಯುವವರು ಇದ್ದೇ ಇರುತ್ತಾರೆ. ಎಲ್ಲರ ಕೈಗೆಟಕುವ ಹೋಟೆಲು ಆರಿಸುವುದು, ಇಲ್ಲವೆ ವರ್ಷಕ್ಕೊಬ್ಬರ ಮನೆಯಲ್ಲಿ ಸೇರಿ ಒಬ್ಬೊಬ್ಬರು ಒಂದೊಂದು ಪಾತ್ರೆ ತರುವುದು ಒಳ್ಳೆಯದು. ಹಾಗೆ ಮಾಡಿದ ಗುಂಪಿನಿಂದ ಯಾರೂ ಕಳೆದುಹೋಗುವುದಿಲ್ಲ.

ಕಾವೇರಿ ಕಾಲೇಜಿನ ಮೊದಲ ವರ್ಷಗಳ ವಿದ್ಯಾರ್ಥಿಗಳಿಗೆ ಈಗ ಎಪ್ಪತ್ತು ದಾಟಿದೆ. 2017ರ ನವೆಂಬರಿನಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಅವರ ಪ್ರತಿಮೆಗಳನ್ನು ಅಂದಿನ ಸೇನಾ ಮುಖ್ಯಸ್ಥ ಬಿಪಿನ್ ರಾವತ್ ಅನಾವರಣ ಮಾಡಿದ್ದು ಇದೇ ಕಾಲೇಜಿನ ಆವರಣದಲ್ಲಿ. ಹಳಬರು ಭೇಟಿಯಾಗಲು ಆ ಪ್ರತಿಮೆಗಳಿಗಿಂತ ಸುಲಭದ ಗುರುತು ಬೇಕಿಲ್ಲ. ಬೆಂಗಳೂರಿನಿಂದ ಸುಮಾರು 230 ಕಿಲೋಮೀಟರ್, ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಬಂದು ಸೇರಬಹುದು. ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನವೂ ಶುಭೋದಯ ಕಳಿಸುವವರು ಈ ವರ್ಷ ಒಂದು ಭಾನುವಾರ ಗೊತ್ತುಮಾಡಿ, ಊರಲ್ಲೇ ಉಳಿದ ಗೆಳೆಯರಿಗೆ ಮೊದಲು ಕರೆ ಮಾಡಲಿ.