ಮೊಬೈಲ್ ಫೋನು: ಒಡೆತನ ಮತ್ತು ಹತೋಟಿ

ಹಣ ಕೊಟ್ಟು ಕೊಂಡ ವಸ್ತುವಿನ ಮೇಲೆ ಕೊಂಡವನಿಗೆ ಪೂರ್ಣಾಧಿಕಾರವುಂಟೆಂಬುದು ಲೋಕರೂಢಿ. ಮೊಬೈಲ್ ಫೋನಿನ ವಿಷಯದಲ್ಲಿ ಈ ಮಾತು ಪೂರ್ಣವಾಗಿ ಸಲ್ಲದು. ಉಪಕರಣ ಕೊಂಡವನದಾದರೂ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನ ಬೀಗದಕೈ ಬಹುಮಟ್ಟಿಗೆ ಕಂಪನಿಯಲ್ಲಿಯೇ ಉಳಿದಿರುತ್ತದೆ. ಈ ವಿವಾದ ಹೊಸದೆಂದು ತೋರಿದರೂ ಇದಕ್ಕೊಂದು ಪೂರ್ವಚರಿತ್ರೆಯುಂಟು. ಅದನ್ನು ಮೊದಲು ಪರಿಶೀಲಿಸೋಣ.

ಅಮೆರಿಕದಲ್ಲಿ ಎ.ಟಿ. ಅಂಡ್ ಟಿ. ಕಂಪನಿಯು ತಾನು ಒದಗಿಸದ ಯಾವ ಸಾಧನವನ್ನೂ ದೂರವಾಣಿಗೆ ಜೋಡಿಸಕೂಡದೆಂದು ಕಟ್ಟಳೆ ಮಾಡಿತ್ತು. ಮಾತು ಪಕ್ಕದವರಿಗೆ ಕೇಳಿಸದಂತೆ ದೂರವಾಣಿಗೆ ಸಿಕ್ಕಿಸುವ 'ಹಷ್-ಎ-ಫೋನ್' ಎಂಬ ಸರಳ ಮರೆಗೂ ಅದು ಅಡ್ಡಿಮಾಡಿತು; ಸೇವೆಯ ಗುಣ ಕೆಡುವುದೆಂಬುದು ಅದರ ವಾದ. 1956ರಲ್ಲಿ ಮೇಲ್ಮನವಿ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. 1968ರ 'ಕಾರ್ಟರ್‌ಫೋನ್' ತೀರ್ಪಿನಲ್ಲಿ ಅಲ್ಲಿನ ಸಂಪರ್ಕ ಆಯೋಗವು, ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಬಳಕೆದಾರನು ಜೋಡಿಸಿಕೊಳ್ಳಬಹುದೆಂದು ವಿಧಿಸಿತು. ಮುಂದೆ 1970ರ ದಶಕದಲ್ಲಿ ಆಯೋಗವೇ ಅಂತಹ ಸಾಧನಗಳಿಗೆ ತಾಂತ್ರಿಕ ನಿಯಮಗಳನ್ನು ಗೊತ್ತುಪಡಿಸಿತು. ಜಾಲದ ರಕ್ಷಣೆಗೆ ಏರ್ಪಾಟಾಯಿತು. ಕಂಪನಿಯ ಅಪ್ಪಣೆ ಮಾತ್ರ ಅನಾವಶ್ಯಕವಾಯಿತು.

ಅದೇ ವಾದ ಈಗ ಮರುಕಳಿಸಿದೆ. ಆಪಲ್ ಕಂಪನಿಯು 2008ರಲ್ಲಿ ತೆರೆದ ಆಪ್ ಸ್ಟೋರ್, ಸಾಮಾನ್ಯ ಬಳಕೆದಾರನ ಐಫೋನಿಗೆ ಆಪ್‌ಗಳು ಪ್ರವೇಶಿಸುವ ಏಕೈಕ ಅಧಿಕೃತ ದ್ವಾರವಾಯಿತು. ಈ ಬಂಧನವನ್ನು ಬಳಕೆದಾರನೇ ಬಿಡಿಸಿಕೊಳ್ಳುವ 'ಜೈಲ್‌ಬ್ರೇಕ್' ಕ್ರಮಕ್ಕೆ ಅಮೆರಿಕದ ಕೃತಿಸ್ವಾಮ್ಯ ಶಾಸನದಲ್ಲಿ 2010ರಲ್ಲಿ ವಿನಾಯಿತಿ ದೊರೆಯಿತು. ಐರೋಪ್ಯ ಒಕ್ಕೂಟದ ಹೊಸ ಶಾಸನದ ಫಲವಾಗಿ 2024ರ ಮಾರ್ಚಿಯಲ್ಲಿ ಅಲ್ಲಿ ಅನ್ಯ ಆಪ್ ಮಳಿಗೆಗಳಿಗೂ ಬಾಗಿಲು ತೆರೆಯಿತು.

ಆಂಡ್ರಾಯ್ಡಿನ ಸ್ಥಿತಿ ಭಿನ್ನ. ಅದರ ಮೂಲಸಂಕೇತ ಮುಕ್ತವಾದರೂ, ಪ್ಲೇ ಸ್ಟೋರ್ ಬಯಸಿದ ತಯಾರಕರು ಗೂಗಲ್ಲಿನ ಇತರ ಆಪ್‌ಗಳನ್ನೂ ಒಟ್ಟಾಗಿ ಸೇರಿಸಬೇಕೆಂಬ ಕರಾರಿತ್ತು. ಭಾರತದ ಸ್ಪರ್ಧಾ ಆಯೋಗವು 2022ರ ಅಕ್ಟೋಬರಿನಲ್ಲಿ ಇದನ್ನು ಖಂಡಿಸಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ಆಯೋಗದ ಕೆಲವು ನಿರ್ದೇಶನಗಳನ್ನು ರದ್ದುಪಡಿಸಿತು.

ಕಂಪನಿಗಳ ವಾದ ನಿರಾಧಾರವಾದುದೇನೂ ಅಲ್ಲ. ಸಂದೇಶದೊಡನೆ ಬಂದ ಮೋಸದ ಆಪನ್ನು ಹಾಕಿಕೊಂಡು ಬ್ಯಾಂಕಿನ ಹಣ ಕಳೆದುಕೊಂಡವರು ನಮ್ಮಲ್ಲಿಯೂ ಇದ್ದಾರೆ. ಆದರೆ ಕಾವಲುಗಾರನೇ ಸುಂಕದ ಗುತ್ತಿಗೆಯನ್ನೂ ಹಿಡಿದಾಗ, ಕಾವಲು ಎಲ್ಲಿ ಮುಗಿದು ಲಾಭ ಎಲ್ಲಿ ಮೊದಲಾಯಿತೆಂಬುದು ಹೊರಗಿನವರಿಗೆ ತಿಳಿಯದು. ಆದುದರಿಂದ ಸುರಕ್ಷತೆಯ ನಿಯಮಗಳನ್ನು ಸಾರ್ವಜನಿಕ ಸಂಸ್ಥೆಗಳು ಗೊತ್ತುಪಡಿಸಿ, ಅಪಾಯವನ್ನರಿತು ಬೀಗ ತೆರೆಯುವ ಹಕ್ಕನ್ನು ಕೊಂಡವನಿಗೆ ಬಿಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ದೂರವಾಣಿಯ ಚರಿತ್ರೆ ಕಲಿಸುವ ಪಾಠವೂ ಇದೇ.