ಸಿಳ್ಳು ಕೇಳಿದ ನಾಯಕ

1977ರ ಅಕ್ಟೋಬರ್ 29. ಪೋಲೆಂಡಿನ ಗಣಿಸೀಮೆಯ ಖೋಜೂವ್ ನಗರದಲ್ಲಿ ಪೋರ್ಚುಗಲ್ಲಿನೊಡನೆ ಕಾಲ್ಚೆಂಡಿನ ಪಂದ್ಯ. ಮೈದಾನದ ಮೂಲೆಯಿಂದ ಒದ್ದ ಚೆಂಡು ಬಳುಕುತ್ತ ಬಂದು ನೇರವಾಗಿ ಗೋಲನ್ನೇ ಹೊಕ್ಕಿತು. ಪಂದ್ಯವು 1–1ರಲ್ಲಿ ಮುಗಿದು ಪೋಲೆಂಡಿಗೆ ವಿಶ್ವಕಪ್ಪಿನ ಬಾಗಿಲು ತೆರೆಯಿತು. ಆದರೆ ಗೋಲು ಹೊಡೆದ ನಾಯಕ ಕಾಜಿಮಿಯೆಜ್ ದೇಯ್ನಾನಿಗೆ ಸ್ವದೇಶದ ಜನ ಕೊಟ್ಟ ಬಹುಮಾನ ಧಿಕ್ಕಾರದ ಸಿಳ್ಳು!

ಈತನಾದರೂ ಯಾರು? 1947ರಲ್ಲಿ ಸ್ಟಾರೊಗಾರ್ಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದವನು. 1966ರಲ್ಲಿ ಸೈನ್ಯದ ಕರೆ ಬಂದು, ವಾರ್ಸಾದ ಸೇನಾತಂಡ ಲೆಗಿಯಾವನ್ನು ಸೇರಿದನು. 1972ರ ಮ್ಯೂನಿಕ್ ಒಲಿಂಪಿಕ್ಸ್ ಅಂತಿಮ ಪಂದ್ಯದಲ್ಲಿ ಹಂಗೆರಿಯ ವಿರುದ್ಧ ಎರಡು ಗೋಲುಗಳನ್ನೂ ತಾನೇ ಹೊಡೆದು ಚಿನ್ನ ತಂದನು. 1974ರ ವಿಶ್ವಕಪ್ಪಿನಲ್ಲಿ ಆತನ ನಾಯಕತ್ವದಲ್ಲಿ ಪೋಲೆಂಡ್ ಬ್ರೆಜಿಲನ್ನು ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ಆ ವರ್ಷ ಯೂರೋಪಿನ ಶ್ರೇಷ್ಠ ಆಟಗಾರರ ಸಾಲಿನಲ್ಲಿ ಕ್ರೈಫ್, ಬೆಕೆನ್‌ಬಾವರರ ನಂತರದ ಹೆಸರು ಆತನದೇ.

ವಿಧಿಯ ಆಟ ಬೇರೆ. 1978ರಲ್ಲಿ ರೊಸಾರಿಯೊದಲ್ಲಿ ಆತಿಥೇಯ ಅರ್ಜೆಂಟೀನಾದ ಎದುರು ದೊರೆತ ಪೆನಾಲ್ಟಿ ಒದೆತವನ್ನು ಗೋಲಿ ಫಿಲ್ಯೋಲ್ ತಡೆದನು, ಪೋಲೆಂಡ್ ಸೋತಿತು. ಅದೇ ವರ್ಷ ದೇಯ್ನಾ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿಗೆ ಹೋದನು. ಗಾಯಗಳು ಆತನನ್ನು ಅಲ್ಲಿ ನೆಲೆಯೂರಗೊಡಲಿಲ್ಲ. 1981ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಸೇರಿದನು. 1989ರ ಸೆಪ್ಟೆಂಬರ್ 1ರಂದು ಅಲ್ಲಿಯೇ ಮೋಟಾರು ಅಪಘಾತಕ್ಕೆ ಬಲಿಯಾದಾಗ ವಯಸ್ಸು ಕೇವಲ 41.

2012ರಲ್ಲಿ ಆತನ ಚಿತಾಭಸ್ಮ ತಾಯ್ನಾಡಿಗೆ ಮರಳಿ ವಾರ್ಸಾದ ಪೊವೋಂಜ್ಕಿ ರುದ್ರಭೂಮಿಯಲ್ಲಿ ವಿಶ್ರಮಿಸಿತು. ಆತ ತೊಟ್ಟಿದ್ದ 10ನೆಯ ಅಂಕಿಯನ್ನು ಲೆಗಿಯಾ ತಂಡವು ಬೇರಾರಿಗೂ ಕೊಡದೆ ಮೀಸಲಿರಿಸಿದೆ. ಸಿಳ್ಳು ಅಡಗಿತು, ಗೌರವ ಉಳಿಯಿತು. ಕೇಳಲು ಆತನೇ ಇರಲಿಲ್ಲ.